ಹರಿಯದ ಬಣ್ಣದ ಕಾಗದ

ಲಿನಕ್ಸ್ ಸರ್ವರಿನ ಹಳೆಯ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವ ಆದೇಶ ಬರೆದಾಗಿತ್ತು. ಹಿಮೆನಾಳ ಬೆರಳು ಎಂಟರ್ ಕೀಲಿಯ ಮೇಲೆ ತಡೆದು ನಿಂತಿತ್ತು. ಗಣಿಯೂರಿನ ರಕ್ತದಾನಿಗಳ ವಿವರವೆಲ್ಲ ಅದರಲ್ಲೇ ಇತ್ತು. ಕೆಟ್ಟರೆ ಬ್ಯಾಕಪ್ ಒಂದೇ ಗತಿ.

“ಒತ್ತು ಮಗಳೇ, ಪಚಮಾಮ ಭೂತಾಯಿಗೆ ಚೆಲ್ಲೋ ಬಿಯರ್ ಬಿಸಿಯಾಗ್ತಿದೆ,” ಎಂದರು ಸರ್ವರ್ ನೋಡಿಕೊಳ್ಳುವ ಹಿರಿಯ ಫೌಸ್ತಿನೊ. “ಬ್ಯಾಕಪ್ ದಿನಾ ತೆಗೀತೀನಿ.”

“ಒಂದ್ಸಲ ತೋರಿಸಿಬಿಡಿ.”

ಅವರು ಬೀರುವಿನಿಂದ ಬ್ಯಾಕಪ್ ಡಿಸ್ಕ್ ತಂದರು. ಹೋದ ಕಾರ್ನಿವಲ್ ಹಬ್ಬದ ಪೂಜೆಯಲ್ಲಿ ಸುತ್ತಿದ್ದ ಬಣ್ಣದ ಕಾಗದ, ಕೇಬಲ್ ಸಿಕ್ಕಿಸುವ ಬಾಯನ್ನು ಮುಚ್ಚಿಕೊಂಡು, ಎಲ್ಲೂ ಹರಿಯದೆ ಹಾಗೇ ಇತ್ತು. ಅಂದಿನಿಂದ ಅದಕ್ಕೆ ಕೇಬಲ್ ತಾಕಿಯೇ ಇರಲಿಲ್ಲ.

ಹಿಮೆನಾ ಆದೇಶವನ್ನು ಅಳಿಸಿದಳು.

“ತಾಯಿಗೆ ಒಪ್ಪಿಸಿದ್ದು,” ಫೌಸ್ತಿನೊ ತಲೆ ತಗ್ಗಿಸಿದರು. “ಹರಿಯೋಕೆ ಕೈ ಬರ್ಲಿಲ್ಲ.”

ಅವಳು ಮೇಜಿನ ಮೇಲಿದ್ದ ಬಿಯರ್ ತೆಗೆದುಕೊಂಡು ಒಂದು ಗುಟುಕು ನೆಲಕ್ಕೆ ಚೆಲ್ಲಿದಳು. “ತಾಯಿ ಕೇಳಿದ್ರೆ ನನ್ನ ಹೆಸರು ಹೇಳಿ,” ಎಂದು ಕಾಗದ ಹರಿದು, ಕೇಬಲ್ ಸಿಕ್ಕಿಸಿದಳು.