ಪೀಠಿಕೆ ಇಲ್ಲದೆ

‘ಪೇಪರು ತಿದ್ದುವ ಅಣ್ಣನವರೇ, ಸುಖವಾಗಿದ್ದೀರಾ? ನಿಮ್ಮ ಕಡೆ ಮಳೆ ಹೇಗೆ?’

ಪರೀಕ್ಷೆಯ ಅಭ್ಯಾಸಕ್ಕೆಂದು ಬರೆದ ಲಿಂಗಿಯ ತಮಿಳು ಪ್ರಬಂಧ ಶುರುವಾಗಿದ್ದೇ ಹೀಗೆ. ಕೊಟ್ಟ ವಿಷಯ, ಟೀ ಬೆಳೆಯ ಸಾಧಕ ಬಾಧಕ. ಮಗಳು ಭುವನಾ ನಗು ತಡೆಯಲಾರದೆ ಹಾಳೆ ಹಿಡಿದು ಒಲೆಯ ಮುಂದೆಯೇ ಕುಳಿತುಬಿಟ್ಟಳು. ಊಟಿಯ ಕಾಲೇಜಿನಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುವವಳು ಅವಳು; ಹೆತ್ತ ತಾಯಿಯೇ ಹೀಗೆ ಬರೆದರೆ ಯಾರಿಗೆ ಹೇಳಿಕೊಳ್ಳುವುದು? ಕೊನೆಯಂತೂ ಇನ್ನೂ ಚೆಂದ: ‘ಹೆಚ್ಚು ಕಡಿಮೆ ಬರೆದಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಕೋತಗಿರಿ ಕಡೆ ಬಂದರೆ ನಮ್ಮ ಹಟ್ಟಿಗೂ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ.’

ಲಿಂಗಿಯದು ಹಟ್ಟಿಯ ರೀತಿ. ಮನೆಗೆ ಬಂದವರು ಮೊದಲು ಮಳೆ, ದನ, ಮಕ್ಕಳು, ಮೊಣಕಾಲು ನೋವು ಎಲ್ಲ ವಿಚಾರಿಸಬೇಕು. ನೇರ ವಿಷಯ ಎತ್ತಿದವನು ಜಗಳಕ್ಕೇ ಬಂದವನು ಎಂದು ಲೆಕ್ಕ. ಗಂಡ ತೀರಿಕೊಂಡ ಮೇಲೆ ಅಂಗೈಯಗಲದ ತೋಟದಲ್ಲಿ ಟೀ ಎಲೆ ಕಿತ್ತು ಮಗಳನ್ನು ಓದಿಸಿದವಳು, ಇನ್ನು ಸರದಿ ತನ್ನದೆಂದು ನಲವತ್ತು ದಾಟಿದ ಮೇಲೆ ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆಗೆ ಕಟ್ಟಿದ್ದಳು.

ತೊಂಬತ್ತೆಂಟರ ಆ ಮಳೆಗಾಲವೆಲ್ಲ ಭುವನಾ ತಾಯಿಗೆ ಪಾಠ ಹೇಳಿದಳು. ಪೀಠಿಕೆಯಲ್ಲಿ ಏನು ಹೇಳಹೊರಟಿದ್ದೇವೆ ಎಂಬುದನ್ನು ಕಡ್ಡಿ ಮುರಿದಂತೆ ಹೇಳಬೇಕು, ಕೊಂಕಣ ಸುತ್ತಿ ಮೈಲಾರಕ್ಕೆ ಬರಬಾರದು. ಉಪಸಂಹಾರದಲ್ಲಿ ಹೇಳಿದ್ದರ ಸಾರ ಇರಬೇಕು, ಹೊಸದೇನನ್ನೂ ತುರುಕಕೂಡದು. ಓದುವವರಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲವಲ್ಲ ಎಂದು ಗೊಣಗುತ್ತಲೇ ಲಿಂಗಿ ಕಲಿತಳು.

ಪರೀಕ್ಷೆಯ ದಿನ ಅವಳನ್ನು ಊಟಿಗೆ ಬಿಟ್ಟುಬಂದವನು ಎಲೆ ಲಾರಿಯ ಡ್ರೈವರ್ ಹಾಲ. ಹೆಂಡತಿ ಇಲ್ಲದವನು, ಮಾತೂ ಕಡಿಮೆ. ಫ್ಯಾಕ್ಟರಿಗೆ ಎಲೆಮೂಟೆ ಒಯ್ಯಲು ಬಂದಾಗ ಹಟ್ಟಿ ಹಟ್ಟಿಯಲ್ಲೂ ಹಾರ್ನ್ ಬಾರಿಸುವವನು, ಲಿಂಗಿಯ ಮನೆಯ ಮುಂದೆ ಮಾತ್ರ ಒಳಗೆ ಓದು ನಡೆದಿರುತ್ತದೆಂದು ಸುಮ್ಮನೆ ಕಾಯುತ್ತಿದ್ದ. ಭುವನಾಳ ಕಣ್ಣಿಗೆ ಇದು ಬಿದ್ದಿತ್ತೇ ಹೊರತು ತಲೆಗೆ ಹೊಳೆದಿರಲಿಲ್ಲ.

ತಾಯಿ ಪಾಸಾದ ಸುದ್ದಿ ಬಂದ ಸಂಜೆ ಭುವನಾ ಊಟಿಯಿಂದ ಗರಿಗರಿ ವರ್ಕಿ ಬಿಸ್ಕತ್ತು ಕಟ್ಟಿಸಿಕೊಂಡು ಬಂದಳು. ಪೊಟ್ಟಣ ಬಿಚ್ಚಿ ಒಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಲಿಂಗಿ ಎದುರು ಬಂದು ನಿಂತಳು.

“ಕೂಸೆ, ನಾ ಹಾಲನ ಮದುವೆ ಆಗಬೇಕು ಅಂತ ಇದ್ದೀನೆ.”

ಭುವನಾ ತಬ್ಬಿಬ್ಬಾದಳು. “ಏನವ್ವೆ ಇದು, ಹೀಗೆ ಒಮ್ಮೆಗೇ?”

“ನೀನೇ ಕಲಿಸಿದ್ದಲ್ಲ? ಎಷ್ಟು ದಿನದಿಂದ ಹೇಳೋಕೆ ಬಂದು, ನಿನ್ನ ಕಾಲೇಜು, ಬಸ್ಸು, ಚಳಿ ವಿಚಾರಿಸಿ ಎದ್ದು ಹೋಗಿದ್ದೀನೆ.”

ಆಮೇಲೆ ಒಂದೊಂದಾಗಿ ಹೇಳಿದಳು. ಹಾಲ ಕೇಳಿದ್ದು, ಪರೀಕ್ಷೆ ಮುಗಿಯಲಿ ಎಂದು ತಾನು ತಡೆದದ್ದು, ಗಂಡ ಸತ್ತವಳ ಮದುವೆ ತಮ್ಮ ಜನದಲ್ಲಿ ಹೊಸತಲ್ಲವೆಂದು ಹಿರಿಯರೂ ಒಪ್ಪಿದ್ದು. ಇಷ್ಟು ವರ್ಷ ಬೇಡವೆನಿಸಿದ ಜೊತೆ ಈಗ ಬೇಕೆನಿಸಿದೆ ಎಂಬುದನ್ನು ಮಾತ್ರ ನೆಲ ನೋಡುತ್ತ ಹೇಳಿದಳು.

“ಎನಗ ಹೇಳೋಕೆ ಇದ್ದದ್ದು ಇಷ್ಟೇ. ನೀ ಬೇಡ ಅಂದರೆ ಬೇಡ. ಈ ಮಾತು ಮತ್ತೆ ಎತ್ತೋದಿಲ್ಲೆ.”

ಭುವನಾ ಕೈಯಲ್ಲಿದ್ದ ವರ್ಕಿಯನ್ನೇ ನೋಡಿದಳು. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ಅವ್ವೆ ಮತ್ತು ತಾನು ಇಬ್ಬರೇ. ನಡುವೆ ಮೂರನೆಯವರು ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಕೋಪ ಬಂತು. ಬೇಡ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ತಾಯಿಯ ಕೈಗಳು ಕಂಡವು. ಎಲೆಯ ಕಲೆ ಹತ್ತಿ ಕಪ್ಪಾದ ಆ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ತನ್ನನ್ನು ಸಾಕಿ ಬೆಳೆಸಿದವಳು ತನ್ನೆದುರೇ ಅಪ್ಪಣೆಗೆ ಕಾದು ನಿಂತಿದ್ದಾಳಲ್ಲ ಎಂದು ಭುವನಾಗೆ ನಾಚಿಕೆಯಾಯಿತು.

ಅವಳು ವರ್ಕಿಯನ್ನು ಮುರಿದು ಅರ್ಧ ತಾಯಿಯ ಕೈಗಿಟ್ಟಳು.

“ಅವ್ವೆ, ಅವರನ್ನ ನಾ ಏನಂತ ಕೂಗಲಿ?”