ಚಾಚಿದ ಬೆರಳು

“ಇವನೇ ಸಾರ್, ನನ್ನ ತಮ್ಮನ ಮೇಲೆ ಹತ್ತಿಸಿದ್ದು! ಕಣ್ಣು ಮುಚ್ಕೊಂಡು ಓಡಿಸ್ತಿದ್ದ!” ಡ್ರೈವರ್ ಕಡೆ ಚಾಚಿದ ಬೆರಳನ್ನು ವೀರೇಂದ್ರ ಇಳಿಸಲೇ ಇಲ್ಲ. ಮಾಚೇನಹಳ್ಳಿಯಲ್ಲಿ ವೀರೇಂದ್ರನ ವರ್ಕ್‌ಶಾಪಿನ ಗೇಟಿನ ಮುಂದೆ ಹಾದ ಕೂಡಲೇ ಅಂಬಾಸಿಡರ್ ಕಾರು ಕಂಬಕ್ಕೆ ಗುದ್ದಿ ನಿಂತಿತ್ತು. ನಡುವೆ ಸಿಕ್ಕ ತಮ್ಮ ಯೋಗರಾಜನನ್ನು ಆಗಷ್ಟೇ ಭದ್ರಾವತಿಯ ಆಸ್ಪತ್ರೆಗೆ ಒಯ್ದಿದ್ದರು. ಅವನಿಗೆ ಪ್ರಜ್ಞೆ ಇರಲಿಲ್ಲ.

“ಬ್ರೇಕ್ ಒತ್ತಿದೆ ಸಾರ್, ಗಾಡಿ ಜಾರ್ತು,” ಎಂದ ಡ್ರೈವರ್.

“ಒಣ ರಸ್ತೇಲಿ ಕಾರು ಜಾರುತ್ತೇನೋ ಮಾರಾಯ? ಸುಳ್ಳು ಸಾರ್, ಬರ್ಕೋಬೇಡಿ!”

ಇನ್ಸ್‌ಪೆಕ್ಟರ್ ಚಕ್ರದ ಗುರುತು ಹಿಡಿದು ಹಿಂದಕ್ಕೆ ನಡೆದರು. ಅದು ಶುರುವಾದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಸ್ಸಂಜೆಯ ಮಬ್ಬಿಗೆ ಟಾರ್ಚ್ ಬಿಟ್ಟರು. ಚಕ್ರಕ್ಕೆ ಸಿಕ್ಕಿ ಅರೆದುಹೋದ ಬೂದುಗುಂಬಳಕಾಯಿ. ತಿರುಳಿಗೆ ಮೆತ್ತಿದ್ದ ಕುಂಕುಮ ಇನ್ನೂ ಹಸಿಯಾಗಿತ್ತು. ಆಯುಧಪೂಜೆ ಮುಗಿಸಿ, ದೃಷ್ಟಿ ತೆಗೆದು ಯಾರೋ ನಡುರಸ್ತೆಯಲ್ಲಿ ಒಡೆದಿದ್ದರು.

ಪೂಜೆ ಮುಗಿದ ಕೂಡಲೇ, ‘ಗುಡಿಸಿ ಬದಿಗೆ ಹಾಕ್ಲಾ ಅಣ್ಣ? ಯಾರಾದ್ರೂ ಜಾರ್ತಾರೆ’ ಎಂದು ಯೋಗರಾಜ ಕೇಳಿದ್ದ. ‘ದೃಷ್ಟಿ ತೆಗೆದಿದ್ದು, ಮುಟ್ಟಬೇಡ’ ಎಂದು ಅಣ್ಣನಿಂದ ಗದರಿಸಿಕೊಂಡಿದ್ದ.

“ಇದನ್ನ ಇಲ್ಲಿ ಒಡೆದಿದ್ದು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

ಟಾರ್ಚಿನ ಬೆಳಕು ಮೇಲೆದ್ದು, ಇನ್ನೂ ಡ್ರೈವರ್ ಕಡೆಗೇ ಚಾಚಿದ್ದ ವೀರೇಂದ್ರನ ಬೆರಳಿನ ಮೇಲೆ ಬಿತ್ತು. ಉಗುರಿನ ಸಂದಿಯೆಲ್ಲ ಕುಂಕುಮವಾಗಿತ್ತು.