ಮೂರು ದಿನದ ಅಂಗಿ

ಒಂದು ಕುರಿ ಈದು ಸತ್ತಿತ್ತು, ಮರಿ ಉಳಿದಿತ್ತು. ಇನ್ನೊಂದು ಕುರಿ ಉಳಿದಿತ್ತು, ಅದರ ಮರಿ ಹುಟ್ಟುತ್ತಲೇ ಸತ್ತಿತ್ತು. ಕುರಿಗಾಹಿ ಸಣ್ಣಪ್ಪ ತಬ್ಬಲಿ ಮರಿಯನ್ನು ಈ ಕುರಿಯ ಕೆಚ್ಚಲಿಗೆ ಹಿಡಿದಾಗಲೆಲ್ಲ ಅದು ಮೂಸಿ ನೋಡಿ, ತಲೆಯಿಂದ ಗುದ್ದಿ ಕೆಡವುತ್ತಿತ್ತು. ಬೆರಳಿನಿಂದ ಕುಡಿಸಿದ ಎರಡು ಗುಟುಕು ಹಾಲಿನ ಮೇಲೆ ಮರಿಯ ಜೀವ ನಿಂತಿತ್ತು. ಇದಕ್ಕೊಂದು ಉಪಾಯವಿತ್ತು, ಆದರೆ ಒಬ್ಬನಿಂದ ಆಗುವಂಥದ್ದಲ್ಲ. ಜೊತೆಗಾರರು ಆಗಲೇ ಮಂದೆ ಹೊಡೆದುಕೊಂಡು ಹೋಗಿದ್ದರು.

ಹಿರಿಯೂರಿನಾಚೆಯ ಆ ಶೇಂಗಾ ಕಿತ್ತ ಹೊಲದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಗುಡ್ಡದ ಗಾಳಿಯಂತ್ರಗಳ ಕಂಬಗಳೇ ಕಾಣುತ್ತಿರಲಿಲ್ಲ. ರೆಕ್ಕೆಗಳು ಮಾತ್ರ ಒಂದೊಂದಾಗಿ ಬಿಳುಪಿನಿಂದ ಹೊರಬಂದು, ಮತ್ತೆ ಬಿಳುಪಿನೊಳಗೆ ಮುಳುಗುತ್ತಿದ್ದವು. ಆ ಮಂಜಿನಿಂದಲೇ ಇಬ್ಬರು ಹೆಂಗಸರು ನಡೆದು ಬಂದರು. ಮುಂದಿದ್ದವಳು ಸ್ವಾತಿ, ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯಕರ್ತೆ. ಹಿಂದಿದ್ದವರು ಐಗುಲ್, ಕಿರ್ಗಿಸ್ತಾನದ ಬೆಟ್ಟಗಳಲ್ಲಿ ಕುರಿ ಮೇಯಿಸುವವರು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿತ್ತು. ಹುಲ್ಲುಗಾವಲು ಉಳಿಸಲು ದೇಶಗಳು ಕೈಜೋಡಿಸುವ ಬಗ್ಗೆ ಐಗುಲ್ ಹನ್ನೊಂದು ಗಂಟೆಗೆ ಹಿರಿಯೂರಿನ ಸಭೆಯಲ್ಲಿ ಮಾತಾಡಬೇಕಿತ್ತು; ಅದಕ್ಕೆ ಮೊದಲು ಇಲ್ಲಿನ ಕುರಿ ಕಾಯುವವರನ್ನು ನೋಡಲು ಬಂದಿದ್ದರು. ಅನುವಾದಕ್ಕೆ ಸ್ವಾತಿಯ ಫೋನಿನಲ್ಲಿ ಆ್ಯಪ್ ಇತ್ತು. ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ.

“ಫೋಟೊ ಹಿಡಿಯಾಕಾದ್ರೆ ಆಮೇಲೆ ಬರ್ರಿ,” ಎಂದ ಸಣ್ಣಪ್ಪ. “ಇದು ಸಾಯಾಕೆ ಕುಂತೈತೆ.”

“ಇವ್ರೂ ಕುರಿ ಕಾಯೋರೆ ಕಣಣ್ಣ. ವಿಮಾನದಾಗೆ ಬಂದವ್ರೆ.”

“ಕುರಿ ಕಾಯೋರು ವಿಮಾನದಾಗಾ! ನಮ್ಗೆ ಒಂದ್ ಮರಿ ಹಿಡ್ಕಂಡ್ರೆ ಬಸ್ಸೇ ಹತ್ತಿಸ್ಕಳಲ್ಲ.”

ಸ್ವಾತಿ ನಕ್ಕಳು. ಐಗುಲ್ ಆಗಲೇ ಸತ್ತ ಮರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಸಣ್ಣಪ್ಪನತ್ತ ಅಂಗೈ ಚಾಚಿದ್ದರು. ಉಣ್ಣೆಯ ಜಿಡ್ಡು ಹತ್ತಿ ಕಪ್ಪಾದ, ಹೆಬ್ಬೆರಳು ಬಿರಿದ ಕೈ. ಅವನು ಒಂದು ಗಳಿಗೆ ಅದನ್ನೇ ನೋಡಿದ. ಸೊಂಟದ ಚೂರಿ ತೆಗೆದು ಆ ಅಂಗೈ ಮೇಲಿಟ್ಟ.

ಅವನು ಸತ್ತ ಮರಿಯ ಕಾಲು ಹಿಡಿದ, ಆಕೆ ಸೀಳಿದರು. ಸಣ್ಣಪ್ಪನ ಅಪ್ಪ ತೋರಿಸಿಕೊಟ್ಟಿದ್ದ ಜಾಗದಿಂದಲೇ, ಹೊಕ್ಕುಳ ಪಕ್ಕದಿಂದಲೇ, ಚೂರಿ ಹೊರಟಿತ್ತು. ಚರ್ಮ ಬಾಲದ ಸಮೇತ ಇಡಿಯಾಗಿ ಬಂತು. ಕಾಲು ತೂರಿಸಲು ನಾಲ್ಕು ತೂತು. ತಬ್ಬಲಿ ಮರಿಗೆ ಅದನ್ನು ತೊಡಿಸುವಾಗ ಅವನ ಕೈಗಳು ಯಾವುವು, ಆಕೆಯವು ಯಾವುವು ಎಂದು ಸ್ವಾತಿಗೆ ತಿಳಿಯಲಿಲ್ಲ.

ಮರಿಯನ್ನು ಬಿಟ್ಟರು. ಕುರಿ ಮೂಸಿತು; ತನ್ನ ಮರಿಯದೇ ವಾಸನೆ. ಗುದ್ದಲಿಲ್ಲ. ಇನ್ನೊಮ್ಮೆ ಬಾಲದ ಬುಡ ಮೂಸಿ, ಗಂಟಲೊಳಗೇ ಸಣ್ಣಗೆ ಸದ್ದು ಮಾಡಿತು. ಮರಿ ತಡವರಿಸುತ್ತ ಕೆಚ್ಚಲು ಹುಡುಕಿತು. ಸ್ವಲ್ಪ ಹೊತ್ತಿಗೆ, ಸತ್ತ ಮರಿಯ ಬಾಲದ ಕೆಳಗೆ ಬದುಕಿದ ಮರಿಯ ಬಾಲ ಅಲುಗತೊಡಗಿತು.

“ಈ ಅಂಗಿ ಎಷ್ಟ್ ದಿನ ಇರ್ಬೇಕಣ್ಣ?” ಎಂದು ಸ್ವಾತಿ ಚರ್ಮದ ಅಂಚು ಮುಟ್ಟಿ ಕೇಳಿದಳು.

ಕನ್ನಡ ಬಾರದ ಐಗುಲ್, ಅವಳ ಬೆರಳು ನೋಡಿಯೇ, ಮೂರು ಬೆರಳು ಎತ್ತಿದರು. ಸಣ್ಣಪ್ಪ ಬಾಯಿ ತೆರೆದವನು ನಕ್ಕುಬಿಟ್ಟ. “ಹ್ಞೂಂ. ಮೂರು.”

“ಆಮೇಲೆ ತನ್ ಮರಿ ಅಲ್ಲ ಅಂತ ಗೊತ್ತಾಗಲ್ವಾ?”

“ಗೊತ್ತಾಗ್ತೈತೆ,” ಎಂದು ಸಣ್ಣಪ್ಪ, ಐಗುಲ್ ಮರಳಿ ಕೊಟ್ಟ ಚೂರಿಯನ್ನು ಹುಲ್ಲಿಗೆ ಒರೆಸಿದ. “ಮೂರ್ ದಿನ ಹಾಲು ಕುಡಿಸಿದ್ ಮೇಲೆ, ಗೊತ್ತಾಗಿ ಏನ್ಮಾಡೀತು ತಾಯಿ?”